ಹೊಗೆಯಿಲ್ಲದ ಕೆಂಡ

ಮಾದಿ ಅಕ್ಕ ಏನೇನಕ್ಕೆ ಹೆದರುತ್ತಿದ್ದಳು ಎಂದು ಹೇಳಲು ಕೂತರೆ ಇವತ್ತಿಗೆ ಮುಗಿಯುವುದಿಲ್ಲ. ಕಾಡುಕೋಣಕ್ಕೆ ಹೆದರುತ್ತಿದ್ದಳು. ಅದು ಬುದ್ಧಿ ಇರುವವರ ಲಕ್ಷಣ. ಚಹಾ ತೋಟದ ತಿರುವಿನಲ್ಲಿ ಕಾಡುಕೋಣ ಎದುರಾದರೆ ಎಂಥ ಗಂಡಸೂ ದಾರಿ ಬಿಡುತ್ತಾನೆ. ಆದರೆ ಇವಳು ಮಿಕ್ಸಿಗೆ ಹೆದರುತ್ತಿದ್ದಳು. ತಾನಾಗಿ ಬಡಿದುಕೊಳ್ಳುವ ಫೋನಿಗೆ, ಆಸ್ಪತ್ರೆಯ ವಾಸನೆಗೆ, ಬೂಟು ಹಾಕಿಕೊಂಡು ಬರುವ ಸಾಹೇಬರ ಹೆಜ್ಜೆ ಸದ್ದಿಗೆ ಹೆದರುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಕರೆಂಟಿಗೆ. ಗೋಡೆಯ ಸ್ವಿಚ್ಚನ್ನು ಅವಳು ಬೆರಳಿನಿಂದ ಮುಟ್ಟಿದ್ದನ್ನು ನಾನು ಕಂಡೇ ಇಲ್ಲ. ಮರದ ಸೌಟಿನ ಹಿಡಿಯಿಂದ ಒತ್ತಿ, ಒತ್ತಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ದೀಪ ಹತ್ತಿತೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಹಾಸ್ಟೆಲಿನ ಹುಡುಗಿಯರಿಗೆ ಅದೊಂದು ತಮಾಷೆಯಾಗಿತ್ತು.

ಅವಳು ಹೆದರದೆ ಇದ್ದದ್ದು ಒಂದಕ್ಕೇ, ಬೆಂಕಿಗೆ. ಒಲೆಯೊಳಗಿನ ಕೊಳ್ಳಿಯನ್ನು ಬೆರಳಲ್ಲೇ ಸರಿಸುತ್ತಿದ್ದಳು. ಒಮ್ಮೆ ನಾನು ಗದರಿಸಿದಾಗ ಅವಳು ತನ್ನ ಬಡಗ ಭಾಷೆಯಲ್ಲಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಕಿಚ್ಚು ನಂಗಳ ಮನೆ ಕೂಸು, ತಂಗೆ. ಕರೆಂಟು ಆರ ಮನೇದೋ."

ನಾನು ಊಟಿಯಲ್ಲಿ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಒಂದು ಹಾಸ್ಟೆಲಿನ ವಾರ್ಡನ್. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ; ಮೂವತ್ತು ಹುಡುಗಿಯರನ್ನು ಕಾಯುವವಳ ಬಾಯಿ ಮೆತ್ತಗಿದ್ದರೆ ಆಗುತ್ತದೆಯೇ? ಕಟ್ಟಡ ಬಿಳಿಯರ ಕಾಲದ್ದು. ಕಲ್ಲಿನ ಗೋಡೆ, ಎತ್ತರದ ಮಾಡು, ಕೋಣೆಗೊಂದು ಬೆಂಕಿಗೂಡು, ಅದರ ಮೇಲೆ ಆಕಾಶ ಕಾಣುವ ಹೊಗೆಕೊಳವೆ. ಕೊಯಮತ್ತೂರಿನ ಒಂದು ಟ್ರಸ್ಟು ಅದನ್ನು ಕೊಂಡು ಹಾಸ್ಟೆಲ್ ಮಾಡಿತ್ತು. ಮಾದಿ ಅಕ್ಕ ಅಡುಗೆಮನೆಯ ಯಜಮಾನಿ. ಕೂನೂರಿನ ಹತ್ತಿರದ ಹುಬ್ಬತಲೈನವಳು. ಅಲ್ಲಿ ಅವಳ ಗಂಡ, ಹಾಲ ಎಂದು ಅವನ ಹೆಸರು, ಇದ್ದ ತುಂಡು ತೋಟದಲ್ಲಿ ಚಹಾ ಎಲೆ ಕಿತ್ತು ಫ್ಯಾಕ್ಟರಿಗೆ ಹಾಕುತ್ತಿದ್ದ. ಇವಳು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಅವನಿಗೆ ಬೈದು, ಮನೆ ಗುಡಿಸಿ ಬರುತ್ತಿದ್ದಳು. ಮಕ್ಕಳಿರಲಿಲ್ಲ. ಆ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಚಳಿಗಾಲದಲ್ಲಿ ಅವಳ ನಿಜವಾದ ದರ್ಬಾರು ಶುರುವಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಹಿಮ ಬಿದ್ದಿರುವ ದಿನಗಳಲ್ಲಿ ಯಾವ ಹುಡುಗಿಗೆ ಮೈ ಸರಿಯಿಲ್ಲವೋ ಅವಳ ಕೋಣೆಗೆ ಮಾದಿ ಅಕ್ಕನ ಕೆಂಡದ ಚಟ್ಟಿ ಹೋಗುತ್ತಿತ್ತು. ಚಟ್ಟಿ ಎಂದರೆ ಮೂರು ಕಾಲಿನ ಅಗಲವಾದ ಕಬ್ಬಿಣದ ಬೋಗುಣಿ. ಒಲೆಯಿಂದ ಕೆಂಡ ಆರಿಸುವುದರಲ್ಲಿ ಅವಳದೊಂದು ಶಿಸ್ತಿತ್ತು: ಹೊಗೆ ಬಿಡುವ ಒಂದು ಚೂರೂ ಸೇರಬಾರದು, ಕೆಂಪಗೆ ತುಂಬಿ ಬಂದದ್ದು ಮಾತ್ರ. ಅವಳ ಹಟ್ಟಿಯಲ್ಲಿ, ಅಂದರೆ ಅವಳ ಊರಿನಲ್ಲಿ, ಬಾಣಂತಿಯ ಪಕ್ಕ, ಕಾಯಿಲೆಯವರ ಪಕ್ಕ ಇಡುವುದು ಹಾಗೇ ಅಂತೆ. ಹೊಗೆ ಇದ್ದರೆ ಕೇಡು, ಹೊಗೆ ಇಲ್ಲದಿದ್ದರೆ ಕಿಚ್ಚು ತಾಯಿ ಎಂದು ಅವಳ ಅವ್ವೆ ಕಲಿಸಿದ್ದಳು. ಹಟ್ಟಿಯ ಹೆಂಚಿನ ಮನೆಯಲ್ಲಿ, ನಮ್ಮ ಈ ಸಂದು ಬಿಟ್ಟ ಬಂಗಲೆಯಲ್ಲಿ, ಆ ಪಾಠ ಇಷ್ಟು ವರ್ಷ ಯಾರಿಗೂ ಕೆಟ್ಟದ್ದು ಮಾಡಿರಲಿಲ್ಲ.

ಕೆಟ್ಟದ್ದು ಮಾಡಿದ್ದು ಬಿಲ್ಲು. ಚಳಿಗಾಲದ ಕರೆಂಟು ಬಿಲ್ಲು ನೋಡಿ ಟ್ರಸ್ಟಿನ ಕಾರ್ಯದರ್ಶಿ ಸುರೇಂದ್ರನ್ ಅವರಿಗೆ ಬೆವರು ಬಂತು. ಅವರು ಕೆಟ್ಟವರಲ್ಲ, ಲೆಕ್ಕದವರು. ಹುಡುಗಿಯರು ಕದ್ದುಮುಚ್ಚಿ ಹೀಟರು ಉರಿಸುತ್ತಾರೆ, ಬಕೆಟ್ಟಿಗೆ ಕಾಯಿಲ್ ಇಳಿಸುತ್ತಾರೆ ಎಂದು ನನ್ನ ಮೇಲೆ ಹರಿಹಾಯ್ದರು. ಉರಿಸದೆ ಏನು ಮಾಡುತ್ತಾರೆ ಸಾರ್, ಬಿಸಿ ಮಾಡಿದ್ದೆಲ್ಲ ನಿಮ್ಮ ಕಿಟಕಿಯ ಸಂದಿನಲ್ಲಿ ಊಟಿಗೆ ಹೋಗುತ್ತಿದೆ ಎಂದು ನಾನೂ ಅಂದೆ. ಆ ಮಾತು ಅವರ ತಲೆಗೆ ಹೋಯಿತು. ಟ್ರಸ್ಟಿನ ಎಲ್ಲ ಕಟ್ಟಡಗಳಲ್ಲೂ ವಿದ್ಯುತ್ ಉಳಿಸಬೇಕು, ಮೊದಲು ಈ ಹಾಸ್ಟೆಲನ್ನು ಸರಿಮಾಡಿ ತೋರಿಸಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಆ ಜನವರಿಯಲ್ಲೇ ಕೊಯಮತ್ತೂರಿನಿಂದ ಪ್ರವೀಣ್‌ಕುಮಾರ್ ಎಂಬ ಎಂಜಿನಿಯರ್ ಬಂದ.

ಹುಡುಗ ಒಳ್ಳೆಯವನು, ಕೆಲಸದಲ್ಲಿ ಶ್ರದ್ಧೆ ಇತ್ತು. ಒಂದು ಕಟ್ಟು ಊದುಬತ್ತಿ ತಂದಿದ್ದ. ಕೋಣೆಯಿಂದ ಕೋಣೆಗೆ ಹೋಗಿ, ಉರಿಯುವ ಊದುಬತ್ತಿಯನ್ನು ಕಿಟಕಿಯ ಅಂಚಿಗೆ, ಬಾಗಿಲ ಕೆಳಗೆ, ಬೆಂಕಿಗೂಡಿನ ಬಾಯಿಗೆ ಹಿಡಿಯುತ್ತಿದ್ದ. ಹೊಗೆ ಎಲ್ಲಿ ಅಲುಗಾಡಿತೋ ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಿದ್ದ. ಮಾದಿ ಅಕ್ಕ ಅವನು ಕಟ್ಟಡಕ್ಕೆ ಪೂಜೆ ಮಾಡುತ್ತಿದ್ದಾನೆ ಎಂದುಕೊಂಡು ಸೆರಗು ಹೊದ್ದು ಕೈಮುಗಿದು ನಾಲ್ಕು ಕೋಣೆ ಅವನ ಹಿಂದೆ ತಿರುಗಿದಳು. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಅವನು ಶಾಖ ತೋರಿಸುವ ಕ್ಯಾಮೆರಾ ತೆಗೆದು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಕೆಂಪು ಮುಖ, ಹಳದಿ ಕೈ, ಕಪ್ಪು ಮೂಗಿನ ತನ್ನನ್ನೇ ನೋಡಿ ಅವಳು ಅಡುಗೆಮನೆಗೆ ಓಡಿಹೋಗಿ ಚಿಲಕ ಹಾಕಿಕೊಂಡಳು.

ಬೇಸಗೆಯಲ್ಲಿ ಕೆಲಸ ನಡೆಯಿತು. ಬೆಂಕಿಗೂಡುಗಳ ಬಾಯಿಗೆ ಹಲಗೆ ಬಡಿದು, ಹೊಗೆಕೊಳವೆಗೆ ಮುಚ್ಚಳ ಹಾಕಿ, ಮಾಡಿನ ಕೆಳಗಿನ ಗಾಳಿಕಿಂಡಿಗಳನ್ನು ಗಾರೆ ಹಚ್ಚಿ ಮುಚ್ಚಿದರು. ಕಿಟಕಿಗಳಿಗೆ ಜೋಡಿ ಗಾಜು, ಅಂಚಿಗೆ ರಬ್ಬರ್ ಪಟ್ಟಿ. ಬಾಗಿಲು ತಾನಾಗಿ ಮುಚ್ಚುವ ಹಾಗೆ ಸ್ಪ್ರಿಂಗು. ಗಾಳಿ ಬದಲಾಗಲಿ ಎಂದು ಕೋಣೆಗೊಂದು ಅಂಗೈಯಗಲದ ಫ್ಯಾನು, ಚಳಿಗೆ ಗೋಡೆಗಂಟಿದ ಸಣ್ಣ ಹೀಟರು. ಮುಂದಿನ ಚಳಿಗಾಲ ಬಂದಾಗ ನಿಜ ಹೇಳುತ್ತೇನೆ, ಸುಖವಾಗಿತ್ತು. ನಾನು ಮೊದಲ ಸಲ ಕಾಲುಚೀಲ ಇಲ್ಲದೆ ಮಲಗಿದೆ. ಬಿಲ್ಲೂ ಇಳಿಯಿತು. ಸುರೇಂದ್ರನ್ ಬಂದು ಹುಡುಗಿಯರನ್ನೆಲ್ಲ ಕೂರಿಸಿ, ಇನ್ನು ಮುಂದೆ ಒಂದೇ ಮಾತು ನೆನಪಿಡಿ, ಬಾಗಿಲು ಕಿಟಕಿ ಮುಚ್ಚಿಡಿ, ತೆರೆದ ಬಾಗಿಲು ಅಂದರೆ ಸೋರುವ ಕೊಡ ಎಂದು ಭಾಷಣ ಮಾಡಿದರು.

ಆ ಮಾತನ್ನು ಹುಡುಗಿಯರು ಗಾಳಿಗೆ ಬಿಟ್ಟರು. ಎದೆಗಿಟ್ಟುಕೊಂಡವಳು ಮಾದಿ ಅಕ್ಕ. ಹೆದರುವವರ ಕಷ್ಟವೇ ಇದು, ಹೇಳಿದ್ದನ್ನೆಲ್ಲ ಪಾಲಿಸುತ್ತಾರೆ. ತಾನಾಗಿ ಮುಚ್ಚುವ ಬಾಗಿಲಿಗೆ ಮೊದಲು ಅಂಜಿದಳು, ಯಾರೋ ಬೆನ್ನ ಹಿಂದೆ ನಿಂತು ತಳ್ಳಿದ ಹಾಗೆ ಆಗುತ್ತದೆ ಎಂದಳು. ಆದರೆ ಮುಚ್ಚದೆ ಬಿಟ್ಟರೆ ಸುರೇಂದ್ರನ್ ಸಾರ್ ಕೆಲಸದಿಂದ ತೆಗೆದಾರು ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು. ದಿನಕ್ಕೆ ಎರಡು ಬಾರಿ ಎಲ್ಲ ಕೋಣೆಗಳನ್ನು ಸುತ್ತಿ ಕಿಟಕಿಯ ರಬ್ಬರನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದಳು. ಚಟ್ಟಿಗೆ ಆ ವರ್ಷ ಕೆಲಸ ಬೀಳಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು, ಅವಳಿಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಸರಣ್ಯಾ ಬಂದದ್ದು ಆ ಡಿಸೆಂಬರಿನಲ್ಲಿ. ಹತ್ತೊಂಬತ್ತು ವರ್ಷ, ಬಡಗ ಹುಡುಗಿಯೇ. ಆದರೆ ಅಪ್ಪ ಗೂಡಲೂರಿನ ಕಡೆಯ ಎಸ್ಟೇಟಿನಲ್ಲಿ ಕೆಲಸಕ್ಕಿದ್ದದ್ದರಿಂದ ಬೆಳೆದದ್ದು ಕೆಳಗಿನ ಬೆಚ್ಚನೆಯ ಊರಿನಲ್ಲಿ. ಅವಳ ಬಡಗ ಮಾತಿನಲ್ಲಿ ಅರ್ಧ ಮಲಯಾಳ ನುಸುಳುತ್ತಿತ್ತು. ಮಾರ್ಕೆಟ್ಟಿನ ಹತ್ತಿರ ವರ್ಕಿ ಬಿಸ್ಕತ್ತು ಮಾರುವ ಬೇಕರಿಯಲ್ಲಿ ಬಿಲ್ಲು ಹಾಕುವ ಕೆಲಸ. ಊಟಿಯ ಚಳಿ ಅವಳಿಗೆ ಹೊಸದು. ಎರಡು ಸ್ವೆಟರು ಹಾಕಿಕೊಂಡು ಅಡುಗೆಮನೆಯ ಒಲೆಯ ಮುಂದೆ ಬೆಕ್ಕಿನ ಹಾಗೆ ಕೂತಿರುತ್ತಿದ್ದಳು. ಮಾದಿ ಮಾಮಿ, ಮಾದಿ ಮಾಮಿ ಎಂದು ಬಾಯಿತುಂಬ ಕರೆಯುತ್ತಿದ್ದಳು. ಹಾಸ್ಟೆಲಿನಲ್ಲಿ ಮಾದಿ ಅಕ್ಕನ ಸೌಟಿನ ಸ್ವಿಚ್ಚಿಗೆ ನಗದೆ ಇದ್ದ ಹುಡುಗಿ ಇವಳೊಬ್ಬಳೇ. ಬರೀ ಎದ್ದು ಹೋಗಿ ತಾನೇ ಸ್ವಿಚ್ಚು ಒತ್ತಿ ಬಂದು ಕೂರುತ್ತಿದ್ದಳು.

ಜನವರಿಯ ಮಧ್ಯದಲ್ಲಿ ಅವಳಿಗೆ ಜ್ವರ ಬಂತು. ಅದೇ ದಿನ ಬೆಳಿಗ್ಗೆ ಮೇಲಿನ ರಸ್ತೆಯಲ್ಲಿ ನೀಲಗಿರಿ ಮರವೊಂದು ಕರೆಂಟು ತಂತಿಯ ಮೇಲೆ ಬಿತ್ತು. ಹೀಟರು ನಿಂತಿತು. ಗೋಡೆಯ ಸಣ್ಣ ಫ್ಯಾನೂ ನಿಂತಿತು, ಅದನ್ನು ಯಾರು ಗಮನಿಸುತ್ತಾರೆ? ಹುಡುಗಿಯರೆಲ್ಲ ಕೆಲಸಕ್ಕೆ ಹೋದರು. ನಾನು ಸರಣ್ಯಾಗೆ ಮಾತ್ರೆ ಕೊಟ್ಟು, ನೋಡಿಕೊಳ್ಳಲು ಮಾದಿ ಅಕ್ಕನಿಗೆ ಹೇಳಿ, ಗ್ಯಾಸ್ ಏಜೆನ್ಸಿಗೆ ಹೋದೆ. ಹುಲ್ಲಿನ ಮೇಲಿನ ಹಿಮ ಹತ್ತು ಗಂಟೆಯಾದರೂ ಕರಗಿರಲಿಲ್ಲ.

ನಾನು ಇಲ್ಲದಾಗ ನಡೆದದ್ದನ್ನು ಆಮೇಲೆ ಮಾದಿ ಅಕ್ಕನೇ ಹೇಳಿದ್ದು. ಹುಡುಗಿ ನಡುಗುತ್ತಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. ಮೂರು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಮಾದಿ ಅಕ್ಕನಿಗೆ ಭಯವಾಯಿತು, ಭಯವಾದಾಗ ಅವಳು ಬೆಂಕಿಯ ಹತ್ತಿರ ಹೋಗುವವಳು. ಚಟ್ಟಿ ತೊಳೆದು, ಒಂದೊಂದೇ ಕೆಂಡ ಆರಿಸಿ ತುಂಬಿ, ಮೇಲೆ ಒಯ್ದು ಮಂಚದ ಪಕ್ಕದಲ್ಲಿಟ್ಟಳು. ಸರಣ್ಯಾ ಕೈ ಚಾಚಿ ಕಾಯಿಸಿಕೊಂಡು ನಕ್ಕಳಂತೆ. ನಡುಕ ನಿಂತಿತಂತೆ. ಮಾದಿ ಅಕ್ಕ ಹೊರಗೆ ಬಂದು, ಶಾಖ ಹೋಗಬಾರದೆಂದು ಬಾಗಿಲು ಎಳೆದು, ಕೆಳಗಿನ ಸಂದಿಗೆ ಒಂದು ಮಡಚಿದ ಗೋಣಿಯನ್ನೂ ತುರುಕಿದಳು. ಗೋಣಿ ಇಡಲು ಯಾರೂ ಹೇಳಿರಲಿಲ್ಲ, ಅದು ಅವಳ ಪ್ರೀತಿ.

ನಾನು ತಿರುಗಿ ಬಂದಾಗ ಮಧ್ಯಾಹ್ನ. ಮಾದಿ ಅಕ್ಕ ಹಣೆಗೆ ಬಟ್ಟೆ ಬಿಗಿದುಕೊಂಡು ಬೀನ್ಸ್ ಬಿಡಿಸುತ್ತಿದ್ದಳು. ಯಾಕೆ ಎಂದೆ. ತಲೆ ಸಿಡಿಯುತ್ತಿದೆ, ಕಾಫಿ ಕುಡಿದರೂ ಇಳಿಯಲಿಲ್ಲ, ಮೇಲೆ ಹುಡುಗಿಯ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದೆ, ಕೆಳಗೆ ಬರುವಾಗ ಮೆಟ್ಟಿಲು ತಿರುಗಿತು ಎಂದಳು. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ.

"ಒಳ್ಳೆ ಒರಕು, ತಂಗೆ. ಮೊಗ ಕೆಂಪಗ ಆಗೀತು. ಕರೆದರೂ ಏಳುಲೆ."

ಹುಡುಗಿಗೆ ಒಳ್ಳೆಯ ನಿದ್ದೆ ಹತ್ತಿದೆ ಎಂದು ಅವಳ ಮುಖದಲ್ಲಿ ಸಂತೋಷವಿತ್ತು. ನಾನು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ಯಾಕೆಂದರೆ ಆಗ ಮೂಲೆಯಲ್ಲಿ ಚಟ್ಟಿ ಇರಲಿಲ್ಲ. ಪ್ರತಿ ಚಳಿಗಾಲವೂ ಪೇಪರಿನಲ್ಲಿ ಒಂದು ಸುದ್ದಿ ಬರುತ್ತದೆ, ಪ್ರವಾಸಕ್ಕೆ ಬಂದವರು ಕಾಟೇಜಿನ ಬಾಗಿಲು ಮುಚ್ಚಿ ಇದ್ದಿಲೊಲೆ ಹಚ್ಚಿಕೊಂಡು ಮಲಗಿ ಬೆಳಿಗ್ಗೆ ಏಳಲಿಲ್ಲ ಎಂದು. ಅಯ್ಯೋ ಪಾಪ, ಬೆಟ್ಟದ ಕೆಳಗಿನವರಿಗೆ ಬುದ್ಧಿಯಿಲ್ಲ ಎಂದು ನಾವು ಪುಟ ತಿರುವುತ್ತೇವೆ. ಕಿಟಕಿ ತೆರೆದಿದೆಯಾ ಎಂದು ಕೇಳಿದೆ.

"ಒಂದು ಎಳೆ ಗಾಳಿ ಹೋಗುಲೆ. ನಾನೇ ಒತ್ತಿ ಮುಚ್ಚಿದೆ," ಎಂದಳು ಮಾದಿ ಅಕ್ಕ.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಗೋಣಿ ಸಿಕ್ಕಿಕೊಂಡು ಬಾಗಿಲು ಅರ್ಧಕ್ಕೆ ನಿಂತಿತು. ಭುಜ ಕೊಟ್ಟು ತಳ್ಳಿದೆ. ಒಳಗೆ ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ, ಸುಖವಾದ ಬಿಸಿ ಮಾತ್ರ ಇತ್ತು. ಅದೇ ಭಯಂಕರವಾಗಿತ್ತು. ಸರಣ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ದಿಂಬಿನ ಮೇಲೆ ವಾಂತಿಯಾಗಿತ್ತು. ಅಲುಗಾಡಿಸಿದೆ. ಕೆನ್ನೆಗೆ ಹೊಡೆದೆ. ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿತು, ಅಷ್ಟೇ. ಕಿಟಕಿ ಎಳೆದರೆ ರಬ್ಬರು ಬಿಡಲಿಲ್ಲ, ಕುರ್ಚಿ ಎತ್ತಿ ಬೀಸಿದೆ. ಮೊದಲ ಗಾಜು ಒಡೆಯಿತು, ಎರಡನೆಯದು ಒಡೆಯಲಿಲ್ಲ. ಜೋಡಿ ಗಾಜು ಹಾಕಿದ ಪುಣ್ಯಾತ್ಮನಿಗೆ ನಾನು ಆಗ ಬೈದದ್ದನ್ನು ಇಲ್ಲಿ ಬರೆಯಲಾರೆ.

ಹಿಂದಿನಿಂದ ಮಾದಿ ಅಕ್ಕ ಬಂದಳು. ಅವಳಿಗೆ ಏನು ಅರ್ಥವಾಯಿತೋ, ಯಾವಾಗ ಅರ್ಥವಾಯಿತೋ ತಿಳಿಯದು. ಚಟ್ಟಿಯ ಹಿಡಿಗೆ ಬಟ್ಟೆ ಹುಡುಕಲಿಲ್ಲ. ಕಾದ ಕಬ್ಬಿಣವನ್ನು ಎರಡೂ ಅಂಗೈಯಲ್ಲಿ ಹಿಡಿದು ಎದೆಮಟ್ಟಕ್ಕೆ ಎತ್ತಿ, ಹಜಾರ ದಾಟಿ, ಹಿಂದಿನ ಮೆಟ್ಟಿಲಿನಿಂದ ಹಿಮ ಕರಗಿ ಒದ್ದೆಯಾದ ಹುಲ್ಲಿನ ಮೇಲೆ ಎಸೆದಳು. ಕೂಗಲಿಲ್ಲ. ತಿರುಗಿ ಬಂದು ಅದೇ ಕೈಗಳನ್ನು ಹುಡುಗಿಯ ಕಂಕುಳಿಗೆ ಕೊಟ್ಟು ನನ್ನ ಜೊತೆ ಅವಳನ್ನು ಹೊರಗಿನ ಜಗಲಿಗೆ ಎಳೆದಳು. ಸುಟ್ಟ ಮಾಂಸದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ನನಗೆ ತಿಳಿದದ್ದು ಆಟೋದಲ್ಲಿ ಕೂತ ಮೇಲೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಉಸಿರಿದೆ ಎಂದರು. ಮಾದಿ ಅಕ್ಕನ ಎರಡೂ ಕೈಗೆ ಬ್ಯಾಂಡೇಜು ಸುತ್ತಿ ಸೂಜಿ ಚುಚ್ಚಿದಾಗ ಅವಳು ಆ ಕಡೆ ನೋಡಲೂ ಇಲ್ಲ. ಆಸ್ಪತ್ರೆಯ ವಾಸನೆಗೆ ಬಸ್ಸಿನಲ್ಲೇ ಮೂಗು ಮುಚ್ಚುತ್ತಿದ್ದವಳು ಆ ಹಜಾರದಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಹೆದರಿಕೆ ಎಂದರೆ ಏನೆಂದು ನಾನು ಅವತ್ತು ತಿಳಿದೆ. ಬಾಗಿಲು ತೆರೆದರೂ ಭಯ, ತೆರೆಯದಿದ್ದರೆ ಇನ್ನೂ ಹೆಚ್ಚು ಭಯ. ನರ್ಸು ಯಾರದೋ ಹೆಸರು ಕರೆದರೂ ನಮ್ಮನ್ನೇ ಕರೆದ ಹಾಗೆ ಇಬ್ಬರೂ ಏಳುತ್ತಿದ್ದೆವು.

"ನನ ಅವ್ವೆ ಕೊಟ್ಟ ಕಿಚ್ಚು ಅದು," ಎಂದಳು ಒಮ್ಮೆ, ನನಗಲ್ಲ, ನೆಲಕ್ಕೆ. "ಅದು ಹಿಂಗ ಮಾಡುವದಾ?"

ಸಂಜೆಯ ಹೊತ್ತಿಗೆ ಸರಣ್ಯಾ ಕಣ್ಣು ತೆರೆದಳು. ಆದರೆ ಭಯ ಅಲ್ಲಿಗೆ ಮುಗಿಯಲಿಲ್ಲ. ಇದ್ದಿಲಿನ ವಿಷಗಾಳಿ ಮೈಯಿಂದ ಹೋದ ಮೇಲೂ ಕೆಲವು ವಾರ ಬಿಟ್ಟು ಮೆದುಳಿಗೆ ಪೆಟ್ಟು ಕೊಡಬಹುದು, ಮಾತು, ಮರೆವು, ನಡಿಗೆ ಎಲ್ಲದರ ಮೇಲೆ ಕಣ್ಣಿಡಿ ಎಂದರು ಡಾಕ್ಟರು. ಗೂಡಲೂರಿನಿಂದ ಅಪ್ಪ ಬಂದ. ಚಟ್ಟಿ ಇಟ್ಟವರು ಯಾರು ಎಂದು ಕೇಳಿದ. ಮಾದಿ ಅಕ್ಕ ಎದ್ದು ಅವನ ಮುಂದೆ ಹೋಗಿ ತಲೆ ತಗ್ಗಿಸಿ ನಿಂತಳು. ಅವನು ಅವಳ ಬ್ಯಾಂಡೇಜು ನೋಡಿ ಮಗಳ ಹತ್ತಿರ ಹೋದ. ಬೈದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು.

ಮುಂದಿನ ವಾರ ಟ್ರಸ್ಟಿನವರು ವಿಚಾರಣೆಗೆ ಕೂತರು. ಸುರೇಂದ್ರನ್ ಅವರ ಮುಖ ಬಿಳುಚಿಕೊಂಡಿತ್ತು; ಅವರೂ ನಮ್ಮಷ್ಟೇ ಹೆದರಿದ್ದರು, ಬೇರೆ ಬೇರೆ ಕಾರಣಕ್ಕೆ. ಕೋಣೆಯಲ್ಲಿ ಬೆಂಕಿ ಇಡಬಾರದು ಎಂಬ ನಿಯಮ ಇದೆಯಲ್ಲ, ಅದನ್ನು ಮುರಿದದ್ದು ಅಡುಗೆಯವಳು, ಕಟ್ಟಡದಲ್ಲಿ ದೋಷವಿಲ್ಲ ಎಂದು ಅವರು ಶುರುಮಾಡಿದರು. ಅಂಥ ನಿಯಮ ನಾನು ಯಾವತ್ತೂ ಕೇಳಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಮಾದಿ ಅಕ್ಕ ಮಾತಾಡಿದಳು. ಬೂಟಿನ ಸದ್ದಿಗೆ ನಡುಗುವವಳು, ಏಳು ಜನ ಬೂಟಿನವರ ಮುಂದೆ.

"ಕದ ಮುಚ್ಚು ಎಂದು ನಿಂಗ ಹೇಳಿದಿರಿ. ಕಿಚ್ಚು ಇಡು ಎಂದು ನನ ಅವ್ವೆ ಹೇಳಿದಳು. ನಾ ಎರಡನೂ ಮಾಡಿದೆ. ತಪ್ಪು ನನದೇ, ಸಾರ್. ಕೂಸಿಗೆ ಒಳ್ಳಿತಾದರೆ ಸಾಕು."

ಸುರೇಂದ್ರನ್ ಒಪ್ಪಿಕೊಂಡಳಲ್ಲ ಎಂಬ ನೆಮ್ಮದಿಯಲ್ಲಿ ಕನ್ನಡಕ ತೆಗೆದರು. ಆಗ ಮೂಲೆಯಲ್ಲಿ ಕೂತಿದ್ದ ಪ್ರವೀಣ್‌ಕುಮಾರ್ ಎದ್ದು ನಿಂತ. ಅವನು ಹೇಳಿದ್ದು ಇಷ್ಟು: ಅಳತೆಗೆ ಬಂದ ಜನವರಿಯಲ್ಲಿ ಒಂದು ಕೋಣೆಯಲ್ಲಿ ಕೆಮ್ಮುವ ಹುಡುಗಿಯೊಬ್ಬಳ ಪಕ್ಕ ಈ ಚಟ್ಟಿ ಇತ್ತು. ಕ್ಯಾಮೆರಾದಲ್ಲಿ ಅದು ಬೆಳ್ಳಗೆ ಉರಿಯುತ್ತಿತ್ತು, ಗೋಡೆಯ ಶಾಖ ಸರಿಯಾಗಿ ಕಾಣುತ್ತಿರಲಿಲ್ಲ. ಅಮ್ಮಾ, ಇದನ್ನು ಸ್ವಲ್ಪ ಹೊರಗಿಡಿ ಎಂದ. ಅವಳು ಹೊರಗಿಟ್ಟಳು. ಕೋಣೆ ತಣ್ಣಗಾಗುವ ತನಕ ಕಾದು, ಅವನು ಇನ್ನೊಂದು ಫೋಟೋ ತೆಗೆದುಕೊಂಡ. ಎಷ್ಟು ಬಲ್ಬು, ಎಷ್ಟು ಪ್ಲಗ್ಗು ಎಂದು ಎಲ್ಲರನ್ನೂ ಕೇಳಿದ್ದ. ಕರೆಂಟು ಹೋದರೆ ಇಲ್ಲಿ ಹೇಗೆ ಬೆಚ್ಚಗಿರುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅವನಿಗೂ ಕೆಲಸದ ಭಯ ಇತ್ತಲ್ಲ, ಆದರೂ ಹೇಳಿದ. ಆ ಹುಡುಗನಿಗೆ ನಾನು ಬೈದ ಬೈಗುಳವನ್ನೆಲ್ಲ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಮಾಡಿನ ಕೆಳಗಿನ ಗಾಳಿಕಿಂಡಿಗಳಲ್ಲಿ ಕೋಣೆಗೆರಡನ್ನು ಗಾರೆ ಕೆತ್ತಿ ಮತ್ತೆ ತೆರೆದರು. ಕರೆಂಟು ಇರಲಿ ಬಿಡಲಿ, ಗಾಳಿ ಅದರಲ್ಲಿ ತಾನೇ ಹೋಗಿ ಬರುತ್ತದೆ. ವಿಷಗಾಳಿ ಬಂದರೆ ಕೂಗುವ ಬೆರಳುದ್ದದ ಯಂತ್ರ ಗೋಡೆಗೆ ಬಂತು. ಕೋಣೆಗೆ ಕೆಂಡ ಒಯ್ಯುವುದು ನಿಂತಿತು. ಸ್ವಲ್ಪ ಶಾಖ ಹೋಗುತ್ತದೆ, ಬಿಲ್ಲು ಸ್ವಲ್ಪ ಏರಿತು. ಏರಲಿ ಎಂದು ಸುರೇಂದ್ರನ್ ಅವರೇ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು.

ಸರಣ್ಯಾ ಮಾರ್ಚಿನಲ್ಲಿ ತಿರುಗಿ ಬಂದಳು. ಅಪ್ಪ ಬೇಡವೆಂದರೂ ಹಟ ಮಾಡಿ ಬಂದಳಂತೆ. ನಡುನಡುವೆ ಒಂದು ಮಾತು ಸಿಗದೆ ತಡವರಿಸುತ್ತಿದ್ದಳು, ಒಂದೆರಡು ತಿಂಗಳಲ್ಲಿ ಅದೂ ಹೋಯಿತು. ಆದರೆ ಅವಳು ಮಾತು ಹುಡುಕಿದಾಗಲೆಲ್ಲ ಅಡುಗೆಮನೆಯಲ್ಲಿ ಮಾದಿ ಅಕ್ಕನ ಕೈಯಿಂದ ಏನಾದರೊಂದು ಜಾರಿ ಬೀಳುತ್ತಿತ್ತು. ಅವಳ ಹೆದರಿಕೆಗಳೆಲ್ಲ ಒಂದೊಂದಾಗಿ ಉದುರಿ ಒಂದೇ ಉಳಿದಿತ್ತು. ಮಿಕ್ಸಿ ಅವಳಿಗೆ ಈಗ ಲೆಕ್ಕಕ್ಕಿಲ್ಲ. ಸ್ವಿಚ್ಚನ್ನು ಬೆರಳಿನಿಂದಲೇ ಒತ್ತುತ್ತಾಳೆ. ಆದರೆ ಯಾರಾದರೂ ಮಲಗಿ ನಿದ್ದೆ ಮಾಡಿದರೆ ಆಗುವುದಿಲ್ಲ. ಭಾನುವಾರ ಮಧ್ಯಾಹ್ನ ಹುಡುಗಿಯರು ಉಂಡು ಮಲಗಿದರೆ ಕೋಣೆ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು ಹೊದಿಕೆ ಏರಿಳಿಯುತ್ತದೋ ಎಂದು ನೋಡುತ್ತಾಳೆ. ಹುಬ್ಬತಲೈನಲ್ಲಿ ಹಾಲನನ್ನು ಎರಡು ಸಲ ಎಬ್ಬಿಸಿ, ಏನಾಯಿತು ಎಂದರೆ ಏನಿಲ್ಲ ಒರಗು ಎನ್ನುತ್ತಾಳಂತೆ. ಅವನೇ ಬಂದು ನನ್ನ ಹತ್ತಿರ ದೂರು ಕೊಟ್ಟ.

ಮೊನ್ನೆ ಒಂದು ಮಂಜಿನ ಮಧ್ಯಾಹ್ನ ನಾನು ಚಹಾಕ್ಕೆಂದು ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದ ಸರಣ್ಯಾ ಗೋಡೆಗೊರಗಿ ನಿದ್ದೆಹೋಗಿದ್ದಳು. ಹಿಂದಿನ ಬಾಗಿಲು, ಎರಡೂ ಕಿಟಕಿ ಹಾರುಹೊಡೆದಿದ್ದವು, ಮಂಜು ಒಳಗೇ ಬರುತ್ತಿತ್ತು. ಮಾದಿ ಅಕ್ಕ ಅವಳ ಮುಂದೆ ಮೊಣಕಾಲೂರಿ ಕೂತು, ಅಂಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದಳು. ಆ ಅಂಗೈಗಳ ಚರ್ಮ ವಾಸಿಯಾಗಿ ನುಣ್ಣಗೆ, ದಪ್ಪಗೆ, ಬೆಳ್ಳಗಾಗಿದೆ. ಬಿಸಿ ತಣ್ಣಗೆ ಎರಡೂ ಅದಕ್ಕೆ ತಿಳಿಯುವುದಿಲ್ಲ. ಅವಳು ಕೈಯನ್ನು ಇನ್ನೂ ಹತ್ತಿರ ಒಯ್ದಳು, ಇನ್ನೂ ಹತ್ತಿರ. ಏನೂ ತಿಳಿಯದೆ ಅವಳ ಮುಖ ಬಿಳುಚುವುದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ.

ಸರಣ್ಯಾ ಕಣ್ಣು ತೆರೆಯಲಿಲ್ಲ. ಮಡಿಲಿನಲ್ಲಿದ್ದ ಕೈಯೆತ್ತಿ, ಮಾದಿ ಅಕ್ಕನ ಮಣಿಕಟ್ಟು ಹಿಡಿದು, ಮೆಲ್ಲಗೆ ತಿರುಗಿಸಿ, ಸುಡದೆ ಉಳಿದ ಹಿಂಗೈಯನ್ನು ತನ್ನ ಮೂಗಿನ ಕೆಳಗೆ ಇಟ್ಟುಕೊಂಡಳು.

"ಈ ಕಡೆ ಇಡಿ ಮಾಮಿ," ಎಂದಳು. "ಈ ಕಡೆ ತಿಳಿವದು."